ಭತ್ತ ಹರವಿದ ಅರ್ಧ ರಸ್ತೆ

ಕಮಲಾಪುರ ದಾಟಿ ಕಂಪ್ಲಿಯ ಕಡೆ ಹೋಗುವ ರಸ್ತೆಯಲ್ಲಿ, ಕಾಲುವೆಯ ತೂಬಿನ ಪಕ್ಕ ಒಂದು ಸಿಮೆಂಟ್ ಕಟ್ಟೆಯಿದೆ. ಅದರ ಮೇಲೆ ನಿಂತರೆ ರಸ್ತೆ ಎರಡೂ ಕಡೆಗೆ ಚೆನ್ನಾಗಿ ಕಾಣುತ್ತದೆ. ಪೂರ್ವಕ್ಕೆ, ಕಂಪ್ಲಿಯ ದಿಕ್ಕಿಗೆ ಮಾತ್ರ, ಸ್ವಲ್ಪ ದೂರ ಹೋದ ಮೇಲೆ ಒಂದು ಬಾಳೆತೋಟದ ಹಿಂದೆ ಬಾಗಿ ಮರೆಯಾಗುತ್ತದೆ. ಹೋದ ಸುಗ್ಗಿಯಲ್ಲಿ ನಾನು ಬೆಳಗಿನಿಂದ ಸಂಜೆಯವರೆಗೆ ಆ ಕಟ್ಟೆಯ ಮೇಲೆ ಇರುತ್ತಿದ್ದೆ. ಬರುವ ಹೋಗುವ ಗಾಡಿಗಳನ್ನು ನೋಡುವುದು ನನ್ನ ಕೆಲಸವಾಗಿತ್ತು.

ಎಣಿಸುವುದಕ್ಕೆ ಕಂಬಕ್ಕೆ ಕಟ್ಟಿದ ಕ್ಯಾಮೆರಾ ಇತ್ತು. ನಾನು ನೋಡಬೇಕಾಗಿದ್ದದ್ದು ಬೇರೆ. ಆ ರಸ್ತೆಯನ್ನು ಅಗಲ ಮಾಡುವ ಮೊದಲು ಅದರ ಸುರಕ್ಷತೆಯ ಬಗ್ಗೆ ಒಂದು ವರದಿ ಬೇಕಿತ್ತು. ಅದನ್ನು ಬರೆಯುವ ಕೆಲಸ ನಮ್ಮ ಸಣ್ಣ ಕಂಪನಿಗೆ ಬಂದಿತ್ತು. ಅಪಘಾತಗಳ ದಾಖಲೆ ಪೊಲೀಸ್ ಠಾಣೆಯಲ್ಲಿ ಸಿಗುತ್ತದೆ ನಿಜ. ಆದರೆ ಅದರಲ್ಲಿ ಒಂದು ಸಾಲು ಸೇರಬೇಕಾದರೆ ಯಾರೋ ಒಬ್ಬರು ರಸ್ತೆಯಲ್ಲಿ ಬೀಳಬೇಕು. ಯಾರೂ ಬೀಳುವ ಮೊದಲೇ ಅಪಾಯವನ್ನು ಅಳೆಯಬೇಕೆಂದರೆ, ಆಗಬೇಕಾಗಿದ್ದು ಕೂದಲೆಳೆಯಲ್ಲಿ ತಪ್ಪಿಹೋದ ಡಿಕ್ಕಿಗಳನ್ನು ಹುಡುಕಬೇಕು. ಒಂದು ಗಾಡಿ ಒಂದು ಜಾಗವನ್ನು ಬಿಟ್ಟ ಮೇಲೆ ಇನ್ನೊಂದು ಗಾಡಿ ಅದೇ ಜಾಗಕ್ಕೆ ಎಷ್ಟು ಹೊತ್ತಿಗೆ ಬಂತು ಎಂದು ವಿಡಿಯೋದಲ್ಲಿ ಅಳೆಯುತ್ತೇವೆ. ಆ ಅಂತರ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಇದು ನಾನು ಓದಿ ಕಲಿತ ವಿದ್ಯೆ.

ನನ್ನ ಜೊತೆ ಬಂದಿದ್ದ ಟೆಕ್ನಿಷಿಯನ್‌ನನ್ನು ಮೊದಲ ವಾರದಲ್ಲೇ ಸಂಡೂರಿನ ಅದಿರು ಲಾರಿಗಳ ಸರ್ವೆಗೆ ಕಳಿಸಿಬಿಟ್ಟರು. ನಾನೊಬ್ಬಳೇ ಉಳಿದೆ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಲಾಡ್ಜಿನಲ್ಲಿ ರೂಮು. ಬೆಳಿಗ್ಗೆ ಬಸ್ಸು ಹತ್ತಿ ಕಟ್ಟೆಯ ಹತ್ತಿರ ಇಳಿಯುವುದು, ಸಂಜೆ ಬಸ್ಸು ಹತ್ತಿ ವಾಪಸ್ ಬರುವುದು. ದಿನಕ್ಕೆ ಅಷ್ಟೊಂದು ಮುಖಗಳು ನನ್ನೆದುರು ಹಾದುಹೋಗುತ್ತಿದ್ದವು, ಮಾತಾಡಿದವರು ಮಾತ್ರ ಯಾರೂ ಇಲ್ಲ. ಹಂಪಿ ನೋಡಲು ಬಂದವರು ಬಾಡಿಗೆ ಸ್ಕೂಟರಿನಲ್ಲಿ ಹೋಗುವಾಗ ಕೆಲವೊಮ್ಮೆ ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಆಮೇಲೆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಕೊಯ್ಲು ಶುರುವಾದ ಮೇಲೆ ರಸ್ತೆಯ ಉತ್ತರದ ಅರ್ಧಕ್ಕೆ ಭತ್ತ ಬಂತು. ಈಗ ಗದ್ದೆ ಕೊಯ್ಯುವುದು ಮಷಿನ್. ಕಾಳು ಹಸಿಯಾಗಿಯೇ ಟ್ರ್ಯಾಕ್ಟರಿಗೆ ಬೀಳುತ್ತದೆ. ಒಣಗಿಸದೆ ಮಿಲ್ಲಿಗೆ ಒಯ್ದರೆ ತಗೊಳ್ಳುವುದಿಲ್ಲ, ರಾಶಿ ಹಾಕಿಟ್ಟರೆ ಮೊಳಕೆ ಬರುತ್ತದೆ. ಊರಿನ ಕಣಗಳೆಲ್ಲ ಮನೆಗಳಾಗಿವೆ. ಕಾದ ಡಾಂಬರಿಗಿಂತ ಒಳ್ಳೆಯ ಕಣ ಇನ್ನೆಲ್ಲಿದೆ? ಹಾಗಾಗಿ ಕಮಲಾಪುರದಿಂದ ಕಂಪ್ಲಿಗೆ ಹೋಗುವ ಗಾಡಿಗಳ ಅರ್ಧ ರಸ್ತೆ ಭತ್ತದ ಪಾಲಾಯಿತು. ಅಂಚಿಗೆ ಕಲ್ಲುಗಳ ಸಾಲು. ಎರಡೂ ದಿಕ್ಕಿನ ಗಾಡಿಗಳು ಉಳಿದ ಅರ್ಧದಲ್ಲೇ ಓಡಾಡಬೇಕು.

ಕಟ್ಟೆಯ ಎದುರಿಗೆ ಭತ್ತ ಹರವಿದ್ದವರು ಒಂದು ಮನೆಯ ಹೆಂಗಸರು. ಭತ್ತದ ಒಡತಿ ನಡುವಯಸ್ಸಿನವರು. ಅವರ ನಾದಿನಿ, ಜೊತೆಗೆ ಪಕ್ಕದ ಮನೆಯ ಇನ್ನೊಬ್ಬರು. ಮೂವರೂ ಸಾಲಾಗಿ ನಡೆಯುತ್ತ ಕಾಲಿನಿಂದ ಭತ್ತ ತಿರುವುತ್ತಿದ್ದರು. ಮೊದಲು ಮಾತಾಡಿಸಿದವರು ನಾದಿನಿ.

"ಏನವ್ವಾ, ದಿನಾ ಬಂದು ಕಟ್ಟಿ ಮ್ಯಾಲ ನಿಂದರ್ತಿ. ಏನ್ ಕೆಲಸ ನಿಂದು?"

"ಗಾಡಿ ನೋಡೋದು."

"ಗಾಡಿ ನೋಡಾಕ ಪಗಾರ ಕೊಡ್ತಾರೇನು? ನಮ್ಮನಿ ಯಜಮಾನ ಹುಟ್ಟಿದಾಗಿಂದ ಕಟ್ಟಿಗೆ ಕುಂತು ಗಾಡೀನ ನೋಡ್ಯಾನ. ಅವಂಗೂ ಒಂದು ಅರ್ಜಿ ಹಾಕಿಸು."

ಮೂವರೂ ನಕ್ಕರು. ನಾನೂ ನಕ್ಕೆ. ಅವತ್ತು ಒಡತಿ ತಮ್ಮ ಬುತ್ತಿಯಿಂದ ನನಗೊಂದು ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಅವರನ್ನು ನಾನು ಅಕ್ಕ ಎಂದು ಕರೆದೆ. ನನ್ನದು ತುಮಕೂರಿನ ಕಡೆಯ ಕನ್ನಡ, ಅದು ಅವರಿಗೆ ತಮಾಷೆ. "ನೀ ಮಾತಾಡಿದ್ರ ಟಿವಿ ಕೇಳಿದಂಗ ಆಕ್ಕತಿ ನೋಡು" ಎಂದು ಅಕ್ಕ ಹೇಳಿದರು.

ಕೆಲಸದ ಕಣ್ಣಿನಿಂದ ಹೇಳುವುದಾದರೆ, ಆ ಭತ್ತದ ಪಟ್ಟಿ ಮೊದಮೊದಲು ಅಷ್ಟು ಅಪಾಯದ್ದಾಗಿರಲಿಲ್ಲ. ಎರಡು ದಿಕ್ಕಿನ ಹರಿವು ಒಂದೇ ಪಥವನ್ನು ಹಂಚಿಕೊಂಡಾಗ ಚಾಲಕರು ಕಣ್ಣಲ್ಲೇ ಚೌಕಾಸಿ ಮಾಡುತ್ತಾರೆ. ಎದುರಿನವನು ಎಷ್ಟು ದೂರದಲ್ಲಿದ್ದಾನೆ, ಎಷ್ಟು ಜೋರಾಗಿ ಬರುತ್ತಿದ್ದಾನೆ, ಅಷ್ಟರೊಳಗೆ ನಾನು ದಾಟಬಹುದೇ ಎಂದು ಒಂದು ಕ್ಷಣದಲ್ಲಿ ಲೆಕ್ಕ ಹಾಕುತ್ತಾರೆ. ಸಾಲದಿದ್ದರೆ ನಿಲ್ಲುತ್ತಾರೆ. ಪಟ್ಟಿ ಗಿಡ್ಡವಿದ್ದು ಈ ತುದಿಯಿಂದ ಆ ತುದಿ ಕಾಣುತ್ತಿದ್ದರೆ ಈ ಚೌಕಾಸಿ ಚೆನ್ನಾಗಿ ನಡೆಯುತ್ತದೆ. ನನ್ನ ಮೊದಲ ದಿನಗಳ ವಿಡಿಯೋದಲ್ಲಿ ಅದೇ ಕಂಡಿತು. ಗಾಡಿಗಳು ನಿಧಾನವಾಗುತ್ತಿದ್ದವು, ಕಾಯುತ್ತಿದ್ದವು, ಬೈದುಕೊಳ್ಳುತ್ತಿದ್ದವು, ದಾಟುತ್ತಿದ್ದವು. ದಿನಾ ಬರುವ ಬಸ್ಸಿನ ಕಂಡಕ್ಟರ್ ಒಬ್ಬರು ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಭತ್ತದ ಸ್ಟೇಷನ್ ಬಂತು, ಯಾರ್ ಇಳೀತೀರಿ ಇಳೀರಿ" ಎಂದು ಕೂಗುತ್ತಿದ್ದರು.

ತೊಂದರೆ ಇದ್ದದ್ದು ತುದಿಗಳಲ್ಲಿ. ಭತ್ತ ಅಲ್ಲಿಂದ ಶುರು ಎಂದು ಹೇಳಲು ಒಂದು ಗುಂಡುಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಇದನ್ನು ವರದಿ ಮಾಡಿದಾಗ ನಮ್ಮ ಸೀನಿಯರ್ ರಸ್ತೆ ನೋಡಿಕೊಳ್ಳುವ ಇಲಾಖೆಯ ಎಂಜಿನಿಯರಿಗೆ ಹೇಳಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ಕಳಿಸಿದರು. ತುದಿಗಳಲ್ಲಿ ಓರೆಯಾಗಿ ಇಟ್ಟು ಗಾಡಿಗಳನ್ನು ನಿಧಾನವಾಗಿ ಬದಿಗೆ ಸರಿಸುವುದು ಉದ್ದೇಶ. ಎಂಜಿನಿಯರ್ ತಾವೇ ನಿಂತು ಇಡಿಸಿದರು.

ಮರುದಿನ ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ತುದಿಗಳಲ್ಲಿ ಒಂದು ಕೋನೂ ಇರಲಿಲ್ಲ. ಎಲ್ಲವನ್ನೂ ಭತ್ತದ ಉದ್ದಕ್ಕೂ ಬೇಲಿಯ ಹಾಗೆ ಇಟ್ಟಿದ್ದರು. ಅಷ್ಟೇ ಆಗಿದ್ದರೆ ಸರಿಪಡಿಸಬಹುದಿತ್ತು. ಸರ್ಕಾರದವರೇ ಬಂದು ಭತ್ತಕ್ಕೆ ಟೋಪಿ ಇಟ್ಟುಹೋಗಿದ್ದಾರೆ, ಅಂದರೆ ಇನ್ನು ಇಲ್ಲಿ ಹರವಬಹುದು ಎಂದು ಸುದ್ದಿ ಹರಡಿತ್ತು. ಆಚೆ ಓಣಿಯವರು, ಅದರಾಚೆಯವರು, ಎಲ್ಲರೂ ತಮ್ಮ ಭತ್ತವನ್ನು ಇದಕ್ಕೆ ಹೊಂದಿಸಿ ಹರವತೊಡಗಿದರು. ಪಟ್ಟಿಗೆ ಪಟ್ಟಿ ಕೂಡಿ ಭತ್ತ ಬಾಳೆತೋಟದ ತಿರುವಿನವರೆಗೂ ಹೋಗಿ ಮುಟ್ಟಿತು.

"ಅಕ್ಕ, ಈ ಕೋನು ತುದಿಗೆ ಇಡೋದು. ಬೇಲಿಗಲ್ಲ."

"ತುದಿಗೆ ಕಲ್ಲು ಐತಲ್ಲವ್ವ. ಇವು ನಡುವ ಚಂದ ಕಾಣ್ತಾವು."

ನಾನು ಕೋನುಗಳನ್ನು ತುದಿಗೆ ಒಯ್ದು ಇಡುತ್ತಿದ್ದೆ. ಮಧ್ಯಾಹ್ನದೊಳಗೆ ಅವು ಮತ್ತೆ ನಡುವೆ ಬಂದಿರುತ್ತಿದ್ದವು. ಪಟ್ಟಿ ಈಗ ಎಷ್ಟು ಉದ್ದವಾಗಿತ್ತೆಂದರೆ ಒಂದು ತುದಿಯಲ್ಲಿದ್ದವನಿಗೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಕಣ್ಣಿನ ಚೌಕಾಸಿಗೆ ಕಣ್ಣೇ ಇಲ್ಲವಾಗಿತ್ತು. ಸೀನಿಯರಿಗೆ ಫೋನ್ ಮಾಡಿದೆ. "ಇವತ್ತು ಇನ್ನೊಂದು ಮೀಟಿಂಗ್ ಇದೆ, ನಾಳೆ ಮಾತಾಡೋಣ" ಎಂದರು.

ಆ ನಾಳೆಯ ಬೆಳಿಗ್ಗೆ ಅದು ನಡೆಯಿತು.

ಬಿಸಿಲು ಎಳೆಯದಾಗಿತ್ತು. ಮೂವರು ಹೆಂಗಸರು ಪೂರ್ವದ ತುದಿಯಿಂದ ಪಶ್ಚಿಮಕ್ಕೆ ಭತ್ತ ತಿರುವುತ್ತ ಬರುತ್ತಿದ್ದರು. ಬೆಳಗಿನ ಹೊತ್ತು ಅವರು ನಡೆಯುತ್ತಿದ್ದದ್ದು ಹಾಗೆಯೇ, ಬಿಸಿಲಿಗೆ ಬೆನ್ನು ಹಾಕಿ. ಸಾಲು ಮುಗಿದ ಮೇಲೆ ರಸ್ತೆಬದಿಯ ಜಾಲಿಯ ನೆರಳಲ್ಲಿ ವಾಪಸ್ ಹೋಗಿ ಮತ್ತೆ ಅದೇ ತುದಿಯಿಂದ ಶುರು ಮಾಡುತ್ತಿದ್ದರು. ಅಕ್ಕ ಎಲ್ಲರಿಗಿಂತ ಹಿಂದೆ ಇದ್ದರು.

ಕಮಲಾಪುರದ ಕಡೆಯಿಂದ ಒಂದು ಬಸ್ಸು ಬಂತು. ಅದರ ಪಥದಲ್ಲಿ ಭತ್ತ. ಎದುರಿಗೆ ಏನೂ ಕಾಣಲಿಲ್ಲವಾದ್ದರಿಂದ ಡ್ರೈವರ್ ಬಲಕ್ಕೆ ತೆಗೆದುಕೊಂಡು ಕಾಲುವೆಯ ಕಡೆಯ ಅರ್ಧದಲ್ಲಿ ಮುಂದುವರಿದ. ಅವನು ಪಟ್ಟಿಯ ನಡುವೆ ಇದ್ದಾಗ ಬಾಳೆತೋಟದ ತಿರುವಿನಿಂದ ಕಬ್ಬಿನ ಟ್ರ್ಯಾಕ್ಟರ್ ಹೊರಬಿತ್ತು. ಹಿಂದೆ ಎರಡು ಟ್ರೇಲರ್. ಮುಗಿಲೆತ್ತರಕ್ಕೆ ಕಬ್ಬು. ಟ್ರ್ಯಾಕ್ಟರಿನವನು ಜೋರಾಗಿ ಹಾಡು ಹಚ್ಚಿದ್ದ.

ಬಸ್ಸಿಗೆ ಬ್ರೇಕಿತ್ತು, ನಿಂತಿತು. ಟ್ರೇಲರುಗಳಿಗೆ ಬ್ರೇಕ್ ಇರುವುದಿಲ್ಲ. ಮುಂದಿನ ಟ್ರ್ಯಾಕ್ಟರ್ ನಿಲ್ಲಲು ನೋಡಿದರೆ ಹಿಂದಿನ ಭಾರ ಅದನ್ನು ತಳ್ಳುತ್ತದೆ. ಡ್ರೈವರನ ಎಡಕ್ಕೆ ಕಾಲುವೆ, ಎದುರಿಗೆ ಬಸ್ಸು. ಅವನು ಬಲಕ್ಕೆ, ಭತ್ತದ ಮೇಲೆ ತಿರುಗಿಸಿದ. ಡಾಂಬರಿನ ಮೇಲೆ ಹರವಿದ ಭತ್ತ ಚಕ್ರದಡಿಯಲ್ಲಿ ಉರುಳುತ್ತದೆ, ಹಿಡಿತ ಸಿಗುವುದಿಲ್ಲ. ಟ್ರ್ಯಾಕ್ಟರ್ ಜಾರಿತು. ಎರಡನೆಯ ಟ್ರೇಲರ್ ಬಾಲದ ಹಾಗೆ ಬೀಸಿ, ರಸ್ತೆಗೆ ಅಡ್ಡವಾಗಿ, ಹೆಂಗಸರ ಹಿಂದಿನಿಂದ ಬಂತು.

ನಾನು ಕೂಗಿದೆ. ಮತ್ತೆ ಕೂಗಿದೆ. ಮೂವರೂ ತಿರುಗಲಿಲ್ಲ. ದಿನವಿಡೀ ಹಾಡು ಹಾಕಿಕೊಂಡು ಟ್ರ್ಯಾಕ್ಟರುಗಳು ಹೋಗುವ ರಸ್ತೆ ಅದು. ಬೆನ್ನ ಹಿಂದೆ ಸದ್ದಾದರೆ ತಿರುಗಿ ನೋಡುವುದನ್ನು ಅವರು ಎಂದೋ ಬಿಟ್ಟಿದ್ದರು. ಅಕ್ಕ ಎಂದಿನ ನಡಿಗೆಯಲ್ಲಿ, ಬಗ್ಗಿದ ತಲೆಯಲ್ಲಿ, ಒಂದು ಕಾಲು, ಇನ್ನೊಂದು ಕಾಲು ಎಂದು ಭತ್ತ ಸೀಳುತ್ತ ಹೋಗುತ್ತಿದ್ದರು.

ಟ್ರೇಲರ್ ವಾಲಿ ನಿಂತಿತು. ಕಬ್ಬಿನ ಹೊರೆ ಕಟ್ಟು ಹರಿದು ಅವರ ಹಿಂದೆ ಸುರಿಯಿತು. ಆ ಸದ್ದಿಗೆ ಮಾತ್ರ ಅವರು ತಿರುಗಿದರು. ಒಂದು ಜಲ್ಲೆ ಅಕ್ಕನ ಹಿಮ್ಮಡಿಯನ್ನು ಸವರಿತ್ತು. ಅಷ್ಟೇ.

ಆಮೇಲೆ ನಡೆದದ್ದು ನನಗೆ ತುಂಡುತುಂಡಾಗಿ ನೆನಪಿದೆ. ಟ್ರ್ಯಾಕ್ಟರ್ ಡ್ರೈವರ್ ಇಳಿದು ರಸ್ತೆಯ ಮೇಲೆ ಕುಕ್ಕರಗಾಲಲ್ಲಿ ಕೂತ. ಬಸ್ಸಿನವರು ಇಳಿದರು, ಒಬ್ಬರಿಗೊಬ್ಬರು ಬೈದರು. ಪಕ್ಕದ ಮನೆಯ ಹೆಂಗಸು ಅತ್ತರು. ನಾದಿನಿ ಕಬ್ಬೊಂದನ್ನು ಎತ್ತಿ ಮೊಣಕಾಲಿಗೆ ಹಾಕಿ ಮುರಿದರು. "ಬಿಟ್ಟಿ ಕಬ್ಬು ಮನಿ ಬಾಗಿಲಿಗೆ ಬಂದೈತಿ. ತಿನ್ರಿ, ಯಾಕ ಮಾರಿ ನೋಡ್ಕೊಂತ ನಿಂತೀರಿ?" ಎಂದರು. ಅಕ್ಕ ಕಬ್ಬಿನ ಅಡಿಯಲ್ಲಿ ಸಿಕ್ಕ ಭತ್ತವನ್ನು ಪೊರಕೆಯಿಂದ ಬಿಡಿಸತೊಡಗಿದರು. ನನಗೆ ಕಟ್ಟೆಯಿಂದ ಇಳಿಯಲು ಆಗಲಿಲ್ಲ.

ಇಲಾಖೆಯ ಎಂಜಿನಿಯರ್ ಮಧ್ಯಾಹ್ನ ಬಂದರು. ಅಷ್ಟರಲ್ಲಿ ಕಬ್ಬು ಮತ್ತೆ ಟ್ರೇಲರಿಗೆ ಏರಿತ್ತು, ಭತ್ತ ಮತ್ತೆ ಹರಡಿತ್ತು. ಅವರು ಸುತ್ತ ನೋಡಿದರು.

"ಏನಾತ್ರಿ ಮೇಡಂ? ಯಾರಿಗೂ ಏನೂ ಆಗಿಲ್ಲಂತಲ್ರಿ."

"ಆಗಿಲ್ಲ ಸರ್."

"ಮತ್ತ ನೀವ್ಯಾಕ ಹಿಂಗ ಕುಂತೀರಿ? ನೀರು ಕುಡೀರಿ. ಬಿಸಿಲು ಭಾಳ ಐತಿ."

ಅವರದು ಕೆಟ್ಟ ಮಾತಲ್ಲ. ನಿಜಕ್ಕೂ ಏನೂ ಆಗಿರಲಿಲ್ಲ. ಬಸ್ಸಿನವರು ಬಸ್ಸಿನ ಮುಂಗಡೆಯಿಂದ ಕಂಡಷ್ಟನ್ನು ಕಂಡಿದ್ದರು, ಡ್ರೈವರ್ ಸ್ಟೀರಿಂಗಿನ ಹಿಂದಿನಿಂದ ಕಂಡಷ್ಟನ್ನು. ಹೆಂಗಸರು ಏನನ್ನೂ ಕಂಡಿರಲಿಲ್ಲ. ಮೊದಲಿಂದ ಕೊನೆಯವರೆಗೆ, ಮೇಲಿನಿಂದ, ಎಲ್ಲವನ್ನೂ ಕಂಡವಳು ನಾನೊಬ್ಬಳೇ. ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದರು. ಆಯ್ತು ಎಂದೆ. ಇನ್ನೇನು ಸಮಾಚಾರ ಎಂದರು. ಏನಿಲ್ಲಮ್ಮ ಎಂದೆ.

ಇಂಥದ್ದನ್ನು ಕಂಡವರು ಅದನ್ನು ಮರೆಯಲು ನೋಡುತ್ತಾರೆ. ನನಗೆ ಆ ಅನುಕೂಲವಿರಲಿಲ್ಲ, ಏಕೆಂದರೆ ಅದನ್ನು ನೋಡುವುದೇ ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಲಾಡ್ಜಿನ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಆ ತುಣುಕನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದೆ. ವಿಧಾನ ಇಷ್ಟೇ. ಪರದೆಯ ಮೇಲೆ ರಸ್ತೆಯ ಮೇಲಿನ ಗೊತ್ತಾದ ಗುರುತುಗಳಿಂದ ಒಂದು ಅಳತೆಯ ಜಾಲ ಎಳೆಯಬೇಕು. ಅಕ್ಕನ ಹಿಮ್ಮಡಿ ಯಾವ ಚಿತ್ರದಲ್ಲಿ ಒಂದು ಜಾಗವನ್ನು ಬಿಟ್ಟಿತು, ಟ್ರೇಲರಿನ ಮೂಲೆ ಯಾವ ಚಿತ್ರದಲ್ಲಿ ಅದೇ ಜಾಗಕ್ಕೆ ಬಂತು ಎಂದು ಗುರುತಿಸಬೇಕು. ಒಮ್ಮೆ ನೋಡಿದರೆ ಸಾಲದು. ತಪ್ಪು ಗುರುತು ಬೀಳಬಾರದೆಂದು ಮತ್ತೆ ಮತ್ತೆ ನೋಡಿ ಸರಿ ನೋಡಬೇಕು. ಕೆಳಗೆ ಬಸ್ ಸ್ಟ್ಯಾಂಡಿನಲ್ಲಿ ಸಂಡೂರು, ಕಂಪ್ಲಿ, ಗಂಗಾವತಿ ಎಂದು ಕೂಗುತ್ತಿದ್ದರು. ನಾನು ಒಂದು ಚಿತ್ರ ಮುಂದೆ ಹೋಗುತ್ತಿದ್ದೆ, ಒಂದು ಚಿತ್ರ ಹಿಂದೆ ಬರುತ್ತಿದ್ದೆ. ಟ್ರೇಲರ್ ಬರುತ್ತಿತ್ತು, ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ವಿಡಿಯೋದಲ್ಲಿ ಧ್ವನಿ ಇರಲಿಲ್ಲ. ನಾನು ಕೂಗಿದ್ದಕ್ಕೆ ಅದರಲ್ಲಿ ಯಾವ ಗುರುತೂ ಇರಲಿಲ್ಲ.

ಲೆಕ್ಕ ಬಂತು. ಒಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರಲಿಲ್ಲ. ಇನ್ನೊಂದು ವಿಷಯವೂ ಗೊತ್ತಾಯಿತು. ಅಕ್ಕ ಆ ಹೊತ್ತಿನಲ್ಲಿ ನಿಂತಿದ್ದರೆ, ತಿರುಗಿ ನೋಡಲು ಅರೆ ಹೆಜ್ಜೆ ತಡೆದಿದ್ದರೆ, ಮೂಲೆ ಅವರಿಗೇ ಬಡಿಯುತ್ತಿತ್ತು. ಅವರ ಎಂದಿನ ನಡಿಗೆಯೇ ಅವರನ್ನು ದಾಟಿಸಿತ್ತು. ಇದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಲ್ಯಾಪ್‌ಟಾಪ್ ಮುಚ್ಚಿದೆ.

ಸಂಜೆ ಹಳೆಯ ತುಣುಕುಗಳನ್ನೂ ತೆರೆದೆ. ಬೆಳಗಿನ ಎಲ್ಲ ತುಣುಕುಗಳಲ್ಲಿಯೂ, ಉದ್ದಕ್ಕೂ, ಭತ್ತ ತಿರುವುವವರೆಲ್ಲ ಒಂದೇ ಕಡೆ ಮುಖ ಮಾಡಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ತುಂಬಿಕೊಂಡು ಬರುವುದು ಕಂಪ್ಲಿಯ ಕಡೆಯಿಂದ. ಅಂದರೆ ನಿಲ್ಲಲಾಗದ ಗಾಡಿಗೆ ಎಲ್ಲರೂ ಬೆನ್ನು ಹಾಕಿಯೇ ನಡೆಯುತ್ತಿದ್ದರು.

ಸೋಮವಾರ ಸೀನಿಯರ್ ಮತ್ತು ಇಲಾಖೆಯವರು ಮಾತಾಡಿಕೊಂಡು ಭತ್ತವನ್ನು ತೆರವು ಮಾಡಿಸಬೇಕು ಎಂದು ತೀರ್ಮಾನಿಸಿದರು. ರಸ್ತೆ ಇರುವುದು ಗಾಡಿಗೆ. ಕಾನೂನಿನ ಮಾತು ಅದೇ, ಸರಿಯೇ. ಪೊಲೀಸಿನವರು ಜೀಪಿನಲ್ಲಿ ಬಂದು ಮೈಕಿನಲ್ಲಿ ಹೇಳಿ ಹೋದರು. ಮಧ್ಯಾಹ್ನದೊಳಗೆ ಕಟ್ಟೆಯ ಎದುರು ರಸ್ತೆ ಖಾಲಿಯಾಯಿತು. ಗಾಡಿಗಳ ವೇಗ ಏರಿತು. ನಾನು ಅದನ್ನೂ ಅಳೆದೆ.

ಮರುದಿನ ನೋಡಿದರೆ ಭತ್ತ ತಿರುವಿನಾಚೆಗೆ ಹೋಗಿತ್ತು. ಜೀಪಿಗೆ ಕಾಣದ ಜಾಗ ಬೇಕಲ್ಲ, ತಿರುವಿನ ಒಳಬದಿಯಲ್ಲೇ, ಬಾಳೆಯ ನೆರಳು ಬೀಳದ ಕಡೆ ನೋಡಿ ಹರವಿದ್ದರು. ನಾನು ನಡೆದು ಹೋಗಿ ನೋಡಿದೆ. ಹದಿನೈದು ಹೆಜ್ಜೆ ಮುಂದೆ ಏನಿದೆ ಎಂದು ಕಾಣುವುದಿಲ್ಲ. ನಾದಿನಿ ಅಲ್ಲಿದ್ದರು.

"ಇಲ್ಲಿ ಬ್ಯಾಡ್ರಿ. ಇಲ್ಲಿ ಇನ್ನೂ ಅಪಾಯ" ಎಂದೆ. ನನಗೇ ಗೊತ್ತಿಲ್ಲದೆ ಅವರ ಮಾತು ನನ್ನ ಬಾಯಿಗೆ ಬಂದಿತ್ತು.

"ಅಲ್ಲಿ ಬ್ಯಾಡ ಅಂದ್ರಿ, ಇಲ್ಲೂ ಬ್ಯಾಡ ಅಂತೀರಿ. ಹಸಿ ಭತ್ತ ತಲಿ ಮ್ಯಾಲ ಹೊತ್ಕೊಂಡು ನಿಂದರ್ಲೇನು? ಬೇಕಾರ ನಿಮ್ಮ ಲಾಡ್ಜಿನ ಮಾಳಿಗಿ ಕೊಡಸು, ಹೊಸಪ್ಯಾಟಿಗೆ ಬಂದು ಹರವ್ತೀವಿ."

ಅಲ್ಲಿಂದಲೇ ಸೀನಿಯರಿಗೆ ಫೋನ್ ಮಾಡಿದೆ. ತೆರವು ಎಂದು ಮಾತ್ರ ಬರೆದರೆ ಸಾಲದು, ಈ ಸುಗ್ಗಿ ಮುಗಿಯುವವರೆಗೆ ಒಂದು ತಾತ್ಕಾಲಿಕ ವ್ಯವಸ್ಥೆ ಬೇಕು ಎಂದೆ. ತಿರುವಿನ ಹತ್ತಿರ ಭತ್ತ ಕೂಡದು. ನೇರ ರಸ್ತೆಯಲ್ಲಿ, ಉತ್ತರದ ಬದಿಯಲ್ಲಿ ಮಾತ್ರ, ಗಿಡ್ಡ ಗಿಡ್ಡ ತುಂಡುಗಳಾಗಿ ಹರವಬೇಕು. ಒಂದು ತುಂಡಿನ ಈ ತುದಿಯಿಂದ ಆ ತುದಿ ಕಾಣಬೇಕು. ಎರಡು ತುಂಡುಗಳ ನಡುವೆ, ಹಳೆಯ ಕಾಲದ ರೈಲು ಕ್ರಾಸಿಂಗಿನ ಹಾಗೆ, ಒಂದು ಬಸ್ಸು ಬದಿಗೆ ಸರಿದು ಎರಡು ಟ್ರೇಲರಿನ ಟ್ರ್ಯಾಕ್ಟರ್ ಹೋಗಲು ಬಿಡುವಷ್ಟು ಖಾಲಿ ಜಾಗ ಇರಬೇಕು. ತಿರುವುವವರು ಕಂಪ್ಲಿಯ ಕಡೆ ಮುಖ ಮಾಡಿ ನಡೆಯಬೇಕು.

"ಕಾನೂನಿಗೆ ವಿರುದ್ಧವಾದ್ದಕ್ಕೆ ನಾವು ನಕ್ಷೆ ಬರೆದುಕೊಡೋದಾ?" ಎಂದರು ಸೀನಿಯರ್.

"ಸರ್, ನಾವು ಬರೆದರೂ ಬರೆಯದಿದ್ದರೂ ಭತ್ತ ರಸ್ತೆ ಮೇಲೇ ಇರುತ್ತೆ. ತಿರುವಿನಲ್ಲಿ ಇರಬೇಕೋ ನೇರದಲ್ಲಿ ಇರಬೇಕೋ ಅನ್ನೋದು ಮಾತ್ರ ನಮ್ಮ ಕೈಲಿದೆ."

"ಅದರ ಕೆಳಗೆ ನಾನು ಸಹಿ ಹಾಕಲ್ಲ. ನೀನು ಹಾಕ್ತೀಯಾ?"

"ಹಾಕ್ತೀನಿ."

ನಾಳೆ ಯಾರಾದರೂ ಆ ತುಂಡುಗಳ ನಡುವೆ ಸತ್ತರೆ ಆ ಕಾಗದದ ಮೇಲೆ ನನ್ನ ಹೆಸರು ಮಾತ್ರ ಇರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಇಲಾಖೆಯ ಎಂಜಿನಿಯರ್ ಮಾತ್ರ ಒಂದು ಉಪಕಾರ ಮಾಡಿದರು. "ನಾ ನೋಡೇ ಇಲ್ಲ ಅಂತ ತಿಳಕೋರಿ" ಎಂದು ಹೇಳಿ ಎರಡು ಚೀಲ ಸುಣ್ಣದ ಪುಡಿ ಕಳಿಸಿದರು.

ಸುಣ್ಣದಲ್ಲಿ ಗೆರೆ ಹಾಕುವುದು ಅರ್ಧ ದಿನದ ಕೆಲಸ, ಜಗಳ ಎರಡು ದಿನದ್ದು. ತುಂಡುಗಳ ನಡುವಿನ ಖಾಲಿ ಜಾಗ ಯಾರ ಪಾಲಿನದು ಎಂಬುದೇ ಜಗಳ. ಖಾಲಿ ಜಾಗ ತಮ್ಮ ಪಾಲಿನಿಂದಲೇ ಹೋಯಿತು, ಪಕ್ಕದವರ ಪಾಲು ಹಾಗೆಯೇ ಉಳಿಯಿತು ಎಂದು ಎಲ್ಲರಿಗೂ ಕಂಡಿತು. ಪಕ್ಕದ ಓಣಿಯ ಮುದುಕರೊಬ್ಬರು ನನ್ನ ಹಿಂದೆಯೇ ಬಂದು ಕಾಲಿನಿಂದ ಗೆರೆ ಅಳಿಸುತ್ತಿದ್ದರು. "ಏ ಯಜಮಾನ, ಆ ಹುಡುಗಿ ಬಗ್ಗಿ ಬಗ್ಗಿ ಗೆರಿ ಹೊಡ್ಯಾಕತ್ಯಾಳ, ನೀ ಅಳಸಾಕ ಬಗ್ಗಾಂಗೂ ಇಲ್ಲ. ಸ್ವಲ್ಪರ ನಾಚ್ಕಿ ಇರ್ಲಿ" ಎಂದು ನಾದಿನಿ ಗದರಿದ ಮೇಲೆ ನಿಲ್ಲಿಸಿದರು. ಕೋನುಗಳನ್ನು ಈ ಸಲ ನಾನು ತುದಿಯ ಕಲ್ಲುಗಳಿಗೆ ತಂತಿ ಹಾಕಿ ಬಿಗಿದೆ.

ಹರಿವು ಬದಲಾಯಿತು. ನಾನು ಕಟ್ಟೆಯ ಮೇಲಿನಿಂದ ನೋಡುತ್ತಿದ್ದೆ. ಬಸ್ಸುಗಳು ಖಾಲಿ ಜಾಗಕ್ಕೆ ಬಂದು ನಿಂತು, ಟ್ರ್ಯಾಕ್ಟರ್ ದಾಟಿದ ಮೇಲೆ ಮುಂದಿನ ತುಂಡಿಗೆ ಹೋಗುತ್ತಿದ್ದವು. ತಪ್ಪಿದ ಡಿಕ್ಕಿಗಳು ಅಪರೂಪವಾದವು. ತಿರುವುವವರಲ್ಲಿ ಹೆಚ್ಚಿನವರು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಬಿಸಿಲಿಗೆ ಎದುರಾಗಿ ನಡೆಯತೊಡಗಿದರು. ನಾದಿನಿ ಕಪ್ಪು ಕನ್ನಡಕ ತಂದರು, ಎಲ್ಲರಿಂದ ಹೀರೋಯಿನ್ ಎಂದು ಕರೆಸಿಕೊಂಡರು.

ಅಕ್ಕ ಮಾತ್ರ ಒಪ್ಪಲಿಲ್ಲ. ಅವರು ತಮ್ಮ ತುಂಡಿನಲ್ಲಿ ಮೊದಲಿನ ಹಾಗೆಯೇ, ಟ್ರ್ಯಾಕ್ಟರಿಗೆ ಬೆನ್ನು ಹಾಕಿ, ತಲೆ ಬಗ್ಗಿಸಿ ನಡೆಯುತ್ತಿದ್ದರು. ಎರಡು ಮೂರು ಸಲ ಹೇಳಿದೆ. ಕೇಳದವರಂತೆ ಇದ್ದರು. ನನ್ನ ಕೆಲಸ ಅಲ್ಲಿ ಮುಗಿಯುತ್ತ ಬಂದಿತ್ತು. ಇನ್ನು ನಾನು ಕಟ್ಟೆಯ ಮೇಲೆ ಇರುವುದಿಲ್ಲ. ಅದನ್ನು ನೆನೆದರೆ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು ಒಂದೇ.

ಕ್ಯಾಮೆರಾ ಬಿಚ್ಚುವ ದಿನ ಬೆಳಿಗ್ಗೆ ಅವರು ಜಾಲಿಯ ನೆರಳಿನಲ್ಲಿ ನೀರು ಕುಡಿಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕುಳಿತೆ.

"ಅಕ್ಕ, ನೀವೊಬ್ಬರೇ ಉಳಿದಿರೋದು. ಯಾಕೆ?"

"ನನ್ನ ಬಿಡವ್ವ."

"ಬಿಸಿಲಿಗಾ?"

"ಬಿಸಿಲು ಏನ್ ಮಾಡ್ತತಿ." ಚೊಂಬನ್ನು ಕೆಳಗಿಟ್ಟರು. "ಅವತ್ತು ನಾ ನೋಡಿದ್ರ ಏನ್ ಮಾಡ್ತಿದ್ದೆ, ನೀನ ಹೇಳು. ಓದಿದಾಕಿ ಅದಿ. ಕಾಲು ಅಲ್ಲೇ ನಿಂದರ್ತಿದ್ವು. ನೋಡಲಿಲ್ಲ, ಅದಕ್ಕ ಉಳಕೊಂಡೀನಿ. ಇನ್ನೂ ಯಾಕ ನೋಡ್ಲಿ?"

ಅವರು ಹೇಳಿದ್ದು ಸುಳ್ಳಲ್ಲ. ಲಾಡ್ಜಿನ ರೂಮಿನಲ್ಲಿ ಒಂದೊಂದೇ ಚಿತ್ರ ಸರಿಸಿ ನಾನು ಕಂಡಿದ್ದೂ ಅದೇ. ಇದು ಒಂದು ಸಲ ಹೀಗಾಯಿತು, ಪ್ರತಿಸಲ ಹೀಗಾಗುವುದಿಲ್ಲ, ದೂರದಿಂದಲೇ ಕಂಡರೆ ಬದಿಗೆ ಸರಿಯಲು ಬೇಕಾದಷ್ಟು ಹೊತ್ತಿರುತ್ತದೆ ಎಂದೆಲ್ಲ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಹೌದಕ್ಕ, ನಿಂತಿದ್ದರೆ ಹೋಗ್ತಿದ್ರಿ. ವಿಡಿಯೋದಲ್ಲಿ ನೋಡಿದೀನಿ. ಎಷ್ಟು ಸಲ ನೋಡಿದೀನೋ ನನಗೇ ಗೊತ್ತಿಲ್ಲ. ಆದ್ರೆ ನಾನು ಕೂಗ್ತಾ ಇದ್ದೆ."

ಅವರು ನನ್ನ ಕಡೆ ತಿರುಗಿದರು.

"ನೀ ಕೂಗಿದ್ಯಾ?"

"ಕೂಗಿದೆ. ಕಟ್ಟೆ ಮೇಲಿಂದ."

"ಯಾವಾಗ? ನನಗ ಕೇಳಿಸ್ಲೇ ಇಲ್ಲಲ್ಲವ್ವ."

"ಯಾರಿಗೂ ಕೇಳಿಸಲಿಲ್ಲ. ಹಾಡು ಜೋರಾಗಿತ್ತು."

"ಏನಂತ ಕೂಗಿದಿ?"

"ಅಕ್ಕಾ ಅಂತ."

ಅವರು ನನ್ನ ಮಂಡಿಯ ಮೇಲೆ ಒಂದು ಸಲ ಕೈ ಇಟ್ಟರು, ಭತ್ತದ ದೂಳು ಅಲ್ಲಿ ಅಚ್ಚಾಯಿತು. ಒಂದು ಬಸ್ಸು ಖಾಲಿ ಜಾಗದಲ್ಲಿ ನಿಂತು ಕಾದು ಮುಂದೆ ಹೋಯಿತು. ನಾದಿನಿ ದೂರದಿಂದ, "ಏನ್ ಇಬ್ರೂ ಕುಂತೀರಿ, ಭತ್ತ ತಾನ ಹೊಳ್ಳಿ ಮಲಗ್ತತೇನು?" ಎಂದು ಕೇಳಿದರು. ಅಕ್ಕ ಸೆರಗು ಕೊಡವಿ ಎದ್ದರು.

"ನೀ ಹೋಗಿ ನಿಂದ್ರು ಹೋಗು ಕಟ್ಟಿ ಮ್ಯಾಲ" ಎಂದರು.

ನಾನು ಹೋಗಿ ನಿಂತೆ. ಅವರು ಪೂರ್ವದ ತುದಿಗೆ ಹೋಗಲಿಲ್ಲ. ಪಶ್ಚಿಮದ ತುದಿಗೆ ನಡೆದುಹೋದರು. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಕಂಪ್ಲಿಯ ಕಡೆ ಮುಖ ಮಾಡಿ, ಕಾಲಿನಿಂದ ಭತ್ತ ತಿರುವುತ್ತ ಬರತೊಡಗಿದರು. ಸಾಲು ಸೊಟ್ಟವಾಗಿತ್ತು.

ಸ್ವಲ್ಪ ಹೊತ್ತಿಗೆ ತಿರುವಿನಿಂದ ಟ್ರ್ಯಾಕ್ಟರ್ ಹೊರಬಿತ್ತು, ಹಿಂದೆ ಎರಡು ಟ್ರೇಲರ್, ಹಾಡು. ನಾನು ಕಟ್ಟೆಯ ಅಂಚಿಗೆ ಬಂದೆ. ಅಕ್ಕನ ಕಾಲು ನಿಂತಿತು. ತಲೆ ಮೇಲಕ್ಕೆ ಬಂತು. ಅದು ಇನ್ನೂ ತುಂಬ ದೂರದಲ್ಲಿತ್ತು. ಅವರು ಅದನ್ನು ನೋಡುತ್ತಲೇ ನಾಲ್ಕು ಹೆಜ್ಜೆ ಬದಿಗೆ ಸರಿದು, ಜಾಲಿಯ ಬುಡದಲ್ಲಿ ನಿಂತುಕೊಂಡರು. ಡ್ರೈವರ್ ಅವರನ್ನು ಕಂಡ. ವೇಗ ಇಳಿಸಿ, ಒಂದು ಕೈ ಎತ್ತಿ, ನಿಧಾನವಾಗಿ ಹಾದುಹೋದ. ಎರಡನೆಯ ಟ್ರೇಲರ್ ಪೂರ್ತಿ ದಾಟುವವರೆಗೂ ಅವರು ಕಣ್ಣು ತೆಗೆಯಲಿಲ್ಲ.

ಆಮೇಲೆ ಮತ್ತೆ ಭತ್ತಕ್ಕೆ ಇಳಿದರು.